ಕ್ರಾಬ್‌ಟ್ರೀ ಸಾಹೇಬರ ಸಾವಿಗೆ ಕಪ್ಪು ಕೋಟು

ದೋಹಾದ ಅಲ್ ಮನ್ಸೂರಾದಲ್ಲಿ ಸಂಸಾರ ಹೂಡಿದ್ದ ಗಿರಿಯಪ್ಪನವರು ಒಮ್ಮೆ ಲಂಡನ್ನಿಗೆ ಹೋಗಿ ಬಂದವರು. ಈ ಸಂಗತಿ ಗೊತ್ತಿಲ್ಲದ ಪರಿಚಿತರು ಅವರಿಗೆ ಇರಲಿಲ್ಲ. ಗೊತ್ತಿಲ್ಲವೆಂದಾದರೆ ಪರಿಚಯವೇ ಇನ್ನೂ ಆಗಿಲ್ಲವೆಂದು ಅರ್ಥ. ರಸ್ತೆ, ಚರಂಡಿಗಳ ನಕ್ಷೆ ತಯಾರಿಸುವ ಬ್ರಿಟಿಷ್ ಕಂಪನಿಯೊಂದರಲ್ಲಿ ಅವರು ಫೈಲುಗಳ ಯಜಮಾನರು. ಫೈಲಿಗೆ ನಂಬರು ಹಾಕುವ ಹೊಸ ಪದ್ಧತಿ ಕಲಿತು ಬರಲೆಂದು ಕಂಪನಿ ಅವರನ್ನು ಒಂದು ವಾರ ಲಂಡನ್ನಿಗೆ ಕಳಿಸಿತ್ತು. ಆ ವಾರವಿಡೀ ಅವರಿಗೆ ನೆಗಡಿ. ಹೋಟೆಲು, ಆಫೀಸು, ನಡುವಿನ ಬಸ್ಸು, ಇಷ್ಟೇ ಅವರು ಕಂಡ ಲಂಡನ್.

ಆದರೆ ಒಂದು ದಿನ ಕೆಂಪು ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಮೂಗೊರೆಸಿಕೊಳ್ಳುತ್ತಿದ್ದಾಗ ಕೆಳಗೆ ಒಂದು ಶವಯಾತ್ರೆ ಕಂಡಿತು. ಕನ್ನಡಿಯಂತೆ ಹೊಳೆಯುವ ಕಪ್ಪು ಕಾರು, ಗಾಜಿನೊಳಗೆ ಪೆಟ್ಟಿಗೆ. ಕಾರಿನ ಮುಂದೆ ಎತ್ತರದ ಕಪ್ಪು ಟೋಪಿಯ ಮನುಷ್ಯನೊಬ್ಬ ಕೋಲು ಹಿಡಿದು, ಕಾಲ ತನ್ನದೇ ಎಂಬಂತೆ ನಿಧಾನವಾಗಿ ನಡೆಯುತ್ತಿದ್ದ. ಫುಟ್‌ಪಾತಿನಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಿಂತು, ತನಗೆ ಸಂಬಂಧವೇ ಇಲ್ಲದ ಆ ಪೆಟ್ಟಿಗೆಗೆ ತಲೆಯ ಟೋಪಿ ತೆಗೆದ. ಅಷ್ಟರಲ್ಲಿ ಸಿಗ್ನಲ್ ಹಸಿರಾಯಿತು, ಬಸ್ಸು ಎಡಕ್ಕೆ ತಿರುಗಿತು, ಖಲಾಸ್.

ಗಿರಿಯಪ್ಪನವರ ಬಾಯಲ್ಲಿ ಆ ಶವಯಾತ್ರೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮೊದಲ ವರ್ಷ ಬಸ್ಸಿನಿಂದ ಕಂಡದ್ದು ಮರುವರ್ಷ ರಸ್ತೆಯ ಬದಿಯಲ್ಲಿ ನಿಂತು ಕಂಡದ್ದಾಯಿತು. ಅದರ ಮುಂದಿನ ವರ್ಷ ಟೋಪಿಯ ಮನುಷ್ಯ ಅವರತ್ತ ತಿರುಗಿ ತಲೆ ಬಾಗಿಸಿದ. ಆಮೇಲಾಮೇಲೆ ಸತ್ತವರೇ ಅವರಿಗೆ 'ಸ್ವಲ್ಪ ಗುರ್ತದವರು' ಆಗಿಬಿಟ್ಟರು. "ಸಾಯುವುದಿದ್ರೆ ಬ್ರಿಟಿಷರ ಹಾಗೆ ಸಾಯ್ಬೇಕು ಮಾರಾಯ್ರೆ. ಎಂತ ಶಿಸ್ತು! ನಮ್ಮಲ್ಲಿ ಹೆಣ ಎತ್ತುವ ಹೊತ್ತಿಗೆ ಹಗ್ಗ ಎಲ್ಲಿ ಅಂತ ಹುಡುಕ್ತಾರೆ," ಎಂದು ಅವರು ಹೇಳುವಾಗ ಕೇಳುವವರಿಗೆ ಸಾಯುವ ಆಸೆಯಾಗದಿದ್ದರೂ ಬ್ರಿಟಿಷರ ಮೇಲೆ ಗೌರವವಂತೂ ಉಕ್ಕುತ್ತಿತ್ತು.

ಹೀಗಿರುವಾಗ 2006ರ ಬೇಸಿಗೆಯಲ್ಲಿ ಕ್ರಾಬ್‌ಟ್ರೀ ಸಾಹೇಬರು ತೀರಿಕೊಂಡರು.

ನಾರ್ಮನ್ ಕ್ರಾಬ್‌ಟ್ರೀ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯವರು, ಕಂಪನಿಯ ಸರ್ವೇ ವಿಭಾಗದ ಮುಖ್ಯಸ್ಥರು. ದೋಹಾದ ಅರ್ಧ ಚರಂಡಿಗಳು ಅವರ ಕಣ್ಣೆದುರೇ ಭೂಮಿಗಿಳಿದಿದ್ದವು. ಒಂದು ಬೆಳಿಗ್ಗೆ ಪೇಪರು ಓದುತ್ತ ಕೂತವರು ಹಾಗೆಯೇ ಹೋಗಿಬಿಟ್ಟರು. ದೇಹ ಊರಿಗೆ ಹೋಯಿತು, ಅಂತ್ಯಕ್ರಿಯೆ ಅಲ್ಲಿಯೇ ಮುಗಿಯಿತು. ಕೆಲವು ವಾರ ಕಳೆದು ಅವರ ಹೆಂಡತಿ ಡೊರೀನ್ ಮನೆ ಖಾಲಿ ಮಾಡಲು ದೋಹಾಕ್ಕೆ ಮರಳಿದರು. ಗಂಡ ಆಯುಷ್ಯದ ಬಹುಪಾಲು ಕಳೆದ ಊರಿನಲ್ಲೂ ಒಂದು ಸ್ಮರಣೆಯ ಕಾರ್ಯಕ್ರಮವಾಗಬೇಕೆಂದು ಅವರ ಆಸೆ. ಗುರುವಾರ ಸಂಜೆ, ಸಾಹೇಬರ ವಿಲ್ಲಾದ ತೋಟದಲ್ಲಿ, ಆಫೀಸಿನವರೆಲ್ಲ ಬರಬೇಕು ಎಂದಾಯಿತು.

ಮ್ಯಾನೇಜರ್ ಹಗಿನ್ಸ್ ಗಿರಿಯಪ್ಪನವರನ್ನು ಕರೆದರು.

"ಗಿರಿ, ಗುರುವಾರದ ವಿಷಯ. ನಮ್ಮವರ ಪದ್ಧತಿ ನಿಮಗೆ ಗೊತ್ತಿದೆಯೋ ಇಲ್ಲವೋ..."

"ಐ ನೋ ಸರ್. ಲಂಡನ್ ಸರ್."

"ಹೌದೆ? ಆದರೆ ನಾರ್ಮನ್ ಸ್ವಲ್ಪ ಬೇರೆ ಥರ ಹೇಳಿಹೋಗಿದ್ದಾನೆ, ಅದನ್ನು..."

"ನೋ ನೀಡ್ ಸರ್. ಸ್ಟಾಫಿಗೆಲ್ಲ ನಾನೇ ಬ್ರೀಫ್ ಮಾಡ್ತೇನೆ."

ಹಗಿನ್ಸ್ ಸಾಹೇಬರು ಮಾತನ್ನು ಅಲ್ಲಿಗೇ ಬಿಟ್ಟರು. ಎರಡು ಸಲ ಬೇಡ ಎಂದವನಿಗೆ ಮೂರನೆಯ ಸಲ ಹೇಳುವುದು ಬ್ರಿಟಿಷರಲ್ಲಿ ಅಸಭ್ಯತೆ. ನಮ್ಮಲ್ಲಾದರೆ ಒತ್ತಾಯ ಶುರುವಾಗುವುದೇ ಮೂರನೆಯ ಸಲದಿಂದ. ಈ ಒಂದು ವ್ಯತ್ಯಾಸದಿಂದಾಗಿ ಮುಂದಿನ ಅನಾಹುತವೆಲ್ಲ ನಡೆಯಿತು.

ಮರುದಿನ ಸಂಜೆ ಗಿರಿಯಪ್ಪನವರ ಮನೆಯಲ್ಲಿ ತರಬೇತಿ ಶಿಬಿರ. ಅದೇ ಕಟ್ಟಡದ ಮೇಲಿನ ಮಹಡಿಯ ಮಾರಿಸ್ ಬಂದರು, ಕಂಪನಿಯ ಎಕೌಂಟ್ಸ್‌ನವರು. ಜೊತೆಗೆ ಅವರ ಹೆಂಡತಿ ಮ್ಯಾಗ್ಡಲಿನ್. ಸಾಹೇಬರ ಪಿಕ್‌ಅಪ್ ಓಡಿಸುತ್ತಿದ್ದ ಮೊಯ್ದಿನ್ ಕುಂಞಿ ಬಂದ. ಸರ್ವೇಯ ಸರಪಳಿ, ಕೋಲು ಹಿಡಿಯುವವರು ನಾಲ್ಕಾರು ಜನ ಗೋಡೆಗೊರಗಿ ನಿಂತರು. ಎಲ್ಲರೂ ಕರಾವಳಿಯವರೇ. ಗಿರಿಯಪ್ಪನವರು ಕನ್ನಡಕ ಏರಿಸಿಕೊಂಡು ನಿಯಮ ಸಾರಿದರು.

"ಒಂದು, ಎಲ್ಲರೂ ಕಪ್ಪು. ತಲೆಯಿಂದ ಕಾಲಿನವರೆಗೆ ಕಪ್ಪು. ಎರಡು, ಇಬ್ಬಿಬ್ಬರು ಸಾಲಾಗಿ, ಮೆಲ್ಲ ನಡೆಯುವುದು. ಮೂರು, ಅಳುವ ಹಾಗಿಲ್ಲ. ನಗುವ ಮಾತಂತೂ ಮಾಫಿ, ಇಲ್ಲವೇ ಇಲ್ಲ!"

ಮ್ಯಾಗ್ಡಲಿನ್ ತಡೆಯಲಾರದೆ ಹೇಳಿದರು, "ಗಿರಿಯಪ್ಪಣ್ಣ, ಕ್ರಿಸ್ತಾಂವರು ನಾವು. ಸಾವಿನ ಮನೆಯಲ್ಲಿ ಎಂತ ಮಾಡ್ಬೇಕು ಅಂತ ನೀವು ನಮಗೆ ಹೇಳಿಕೊಡುವುದಾ?"

"ನಿಮ್ಮದು ಮಂಗಳೂರಿನ ಪದ್ಧತಿ ಬಾಯಮ್ಮ. ಇದು ಬ್ರಿಟಿಷ್."

"ಆದ್ರೆ ಸಾಹೇಬರನ್ನು ಊರಲ್ಲಿ ಸುಟ್ಟರಂತಲ್ಲ?" ಎಂದರು ಮಾರಿಸ್.

ಗಿರಿಯಪ್ಪನವರು ಕಂಡ ಪೆಟ್ಟಿಗೆ ಎಲ್ಲಿಗೆ ಹೋಯಿತೆಂದು ಬಸ್ಸು ತೋರಿಸಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಚೆನ್ನು ಮಾತ್ರ, "ಓ, ನಮ್ಮ ಹಾಗೆಯೇ! ನಾನು ಆಗಲೇ ಹೇಳ್ಲಿಲ್ವಾ, ಅವರು ಒಳ್ಳೆ ಜನ ಅಂತ," ಎಂದು ಸಮಾಧಾನಪಟ್ಟುಕೊಂಡಳು.

"ಲಂಡನ್ ಸಿಟಿ ಲಿಮಿಟ್‌ನಲ್ಲಿ ಹೂಳುವುದು, ಹೊರಗೆ ಸುಡುವುದು," ಎಂದು ಗಿರಿಯಪ್ಪನವರು ತೀರ್ಪು ಕೊಟ್ಟು ಮುಂದುವರಿದರು. "ಇನ್ನು ಮುಖ್ಯ ವಿಷಯ. ಸ್ಟಿಫ್ ಅಪ್ಪರ್ ಲಿಪ್. ಅಂದ್ರೆ ಮೇಲಿನ ತುಟಿ ಅಲ್ಲಾಡ್ಬಾರ್ದು. ಎಷ್ಟು ದುಃಖವಾದ್ರೂ ಬ್ರಿಟಿಷರು ಅದನ್ನು ಅಲ್ಲಾಡಿಸುವುದಿಲ್ಲ. ಹೆಮ್ಮೆ ಇರುವುದೇ ಅಲ್ಲಿ."

ಒಳಗಿನಿಂದ ಮಗಳು ತೃಷಾ ಕೂಗಿದಳು, "ಪಪ್ಪಾ, ದಟ್ಸ್ ಆ್ಯನ್ ಇಡಿಯಮ್! ನಿಜವಾಗಿ ಹಾಗೆ ಮಾಡಲ್ಲ."

"ಬ್ರಿಟಿಷರು ಸುಮ್ಮನೆ ಬಾಯಿಗೆ ಬಂದದ್ದು ಹೇಳುವವರಲ್ಲ. ನೀನು ಹೋಂವರ್ಕ್ ಮಾಡು!"

ಅಭ್ಯಾಸ ಶುರುವಾಯಿತು. ಮೇಲಿನ ತುಟಿ ಅಲ್ಲಾಡಿಸದೆ ಮಾತಾಡುವುದು ಹೇಳಿದಷ್ಟು ಸುಲಭವಲ್ಲ; ಬೇಕಿದ್ದರೆ ಓದುಗರು ಬಾಗಿಲು ಹಾಕಿಕೊಂಡು ಪರೀಕ್ಷಿಸಬಹುದು. ಮೊಯ್ದಿನ್ ಕುಂಞಿಗೆ ದಪ್ಪ ಮೀಸೆ. ಒಳಗೆ ತುಟಿ ಅಲ್ಲಾಡಿದರೂ ಹೊರಗೆ ತಿಳಿಯುವುದಿಲ್ಲವೆಂದು ಅವನಿಗೆ ವಿನಾಯಿತಿ ಸಿಕ್ಕಿತು. ಮೂಲೆಯ ಫ್ರಿಜ್ಜನ್ನು ಮಿಸೆಸ್ ಕ್ರಾಬ್‌ಟ್ರೀ ಎಂದು ತಿಳಿಯಬೇಕು. ಒಬ್ಬೊಬ್ಬರಾಗಿ ಎದುರು ನಿಂತು, ತಲೆ ಬಾಗಿಸಿ, "ಸಾರಿ ಫಾರ್ ಯುವರ್ ಲಾಸ್" ಎಂದು ಸರಿಯಬೇಕು.

"ಲಾಸ್ ಅಂದ್ರೆ ನಷ್ಟ ಅಲ್ವಾ?" ಎಂದ ಮೊಯ್ದಿನ್ ಕುಂಞಿ. "ಗಂಡ ತೀರಿದ ಹೆಂಗ್ಸಿನ ಹತ್ರ ವ್ಯಾಪಾರದ ಮಾತು ಎಂತಕ್ಕೆ?"

"ಲಾಸ್ ಅಂದ ಮೇಲೆ ಯಾವ ವರ್ಷದ್ದು ಅಂತಲೂ ಹೇಳ್ಬೇಕಾಗ್ತದೆ," ಎಂದರು ಎಕೌಂಟ್ಸಿನ ಮಾರಿಸ್.

ಅದೇ ಹೊತ್ತಿಗೆ ಮೊಯ್ದಿನ್ ಕುಂಞಿಯ ಹೆಂಡತಿ ಆಯಿಷಮ್ಮ ಬಾಗಿಲು ತಳ್ಳಿಕೊಂಡು ಬಂದಳು. ದೊಡ್ಡ ದೊಡ್ಡ ಗಂಡಸರು ತುಟಿ ಬಿಗಿದುಕೊಂಡು, ಸರದಿಯಲ್ಲಿ ನಿಂತು, ಒಬ್ಬೊಬ್ಬರಾಗಿ ಫ್ರಿಜ್ಜಿಗೆ ತಲೆ ಬಾಗಿಸುತ್ತಿದ್ದರು. ಆಕೆ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೊರಗೇ ನಿಂತಳು. ಕೆಳಗಿನ ಮನೆಯವರು ಕೇಳಿದಾಗ, "ಒಳಗೆ ಎಂತದೋ ಪೂಜೆ ಉಂಟು, ತೊಂದ್ರೆ ಕೊಡ್ಬೇಡಿ," ಎಂದಳಂತೆ.

ಆಯಿಷಮ್ಮ ಬಂದದ್ದು ಕಪ್ಪು ಬಟ್ಟೆಯ ವಿಷಯಕ್ಕೆ. ಚೆನ್ನು ಮುಂಚೆಯೇ ಹಟ ಹಿಡಿದಿದ್ದಳು: "ಮುತ್ತೈದೆ ನಾನು, ಕಪ್ಪು ಸೀರೆ ಉಡುವುದಿಲ್ಲ. ಬ್ರಿಟಿಷರ ರಾಣಿಯೇ ಬಂದು ಹೇಳಿದ್ರೂ ಇಲ್ಲ." ಕತಾರಿನಲ್ಲಿ ಹೆಂಗಸರ ಕಪ್ಪು ಬಟ್ಟೆಗೇನು ಬರ? ಸೀರೆ ಯಾವ ಬಣ್ಣದ್ದೇ ಇರಲಿ, ಮೇಲೆ ಆಯಿಷಮ್ಮನ ಅಬಾಯಾ ಹಾಕಿಕೊಂಡರಾಯಿತು ಎಂದು ತೀರ್ಮಾನವಾಯಿತು. ಮ್ಯಾಗ್ಡಲಿನ್‌ಗೂ ಒಂದು ಸಿಕ್ಕಿತು. ಗಂಡಸರದ್ದೇ ಫಜೀತಿ. ಗಿರಿಯಪ್ಪನವರು ಮುಶೈರಿಬ್‌ನ ದರ್ಜಿಯಲ್ಲಿ ಉಣ್ಣೆಯ ಕಪ್ಪು ಕೋಟು ಹೊಲಿಸಿದರು. ದರ್ಜಿ ಹೊರಗಿನ ಬಿಸಿಲನ್ನೂ ಇವರ ಮುಖವನ್ನೂ ಒಂದೆರಡು ಸಲ ನೋಡಿ, "ಶಿಮ್ಲಾ ಜಾ ರಹೇ ಹೋ?" ಎಂದು ಕೇಳಿದ. ಮಾರಿಸ್ ತಮ್ಮ ಮದುವೆಯ ಸೂಟು ತೆಗೆದರು. ಗುಂಡಿಗೂ ಕಾಜಕ್ಕೂ ನಡುವೆ ಸಂಸಾರದ ಅಷ್ಟೂ ವರ್ಷಗಳು ಅಡ್ಡ ನಿಂತಿದ್ದವು. ಮೊಯ್ದಿನ್ ಕುಂಞಿ ಹೋಟೆಲಿನಲ್ಲಿ ಬಡಿಸುವ ಭಾವಮೈದುನನ ಕಪ್ಪು ಕೋಟು, ಕುತ್ತಿಗೆಯ ಚಿಟ್ಟೆ ಟೈ ಸಮೇತ ತಂದ.

ಶಿಬಿರದ ರಾತ್ರಿ ಎಲ್ಲರೂ ಹೋದ ಮೇಲೆ ಚೆನ್ನು ಗಂಡನ ಎದುರು ಬಂದು ನಿಂತಳು.

"ಅಲ್ಲ, ಸತ್ತವರ ಮನೆಗೆ ಹೋಗಿ ಒಂದು ತೊಟ್ಟು ಕಣ್ಣೀರು ಹಾಕದೆ ಬರುವುದು ಹೇಗೆ? ಆ ಹೆಂಗ್ಸು ಎಂತ ತಿಳ್ಕೊಳ್ಬೇಕು?"

"ಅವರು ಸಂತೋಷಪಡ್ತಾರೆ. ಪದ್ಧತಿ ಹಾಗೆ."

ಚೆನ್ನುವಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಬಹಳ ಹಿಂದೆ, ತೃಷಾ ಎಳೆಗೂಸಾಗಿದ್ದಾಗ, ಊರಿನಲ್ಲಿ ಚೆನ್ನುವಿನ ಅಪ್ಪ ತೀರಿಕೊಂಡಿದ್ದರು. ಹೋಗಲು ಆಗಿರಲಿಲ್ಲ. ಅವತ್ತು ಸಂಜೆ ಕ್ರಾಬ್‌ಟ್ರೀ ಸಾಹೇಬರು ಒಬ್ಬರೇ ಬಂದು ಬಾಗಿಲು ತಟ್ಟಿದ್ದರು. ಬಂದು ಕೂತರು. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾವೇ ಎದ್ದು ಅಡುಗೆಮನೆಗೆ ಹೋಗಿ, ಡಬ್ಬಿಗಳನ್ನೆಲ್ಲ ಮೂಸಿ ಮೂಸಿ ಚಹಾಪುಡಿ ಪತ್ತೆ ಹಚ್ಚಿ, ಮೂವರಿಗೂ ಚಹಾ ಮಾಡಿ ತಂದರು. ಉಪ್ಪೆಂದು ತಿಳಿದು ಸಕ್ಕರೆಯನ್ನು ದೂರವಿಟ್ಟಿದ್ದರಿಂದ ಅದು ಕಷಾಯದಂತಿತ್ತು. ಕುಡಿದಾದ ಮೇಲೆ ಲೋಟಗಳನ್ನು ತೊಳೆದು, ಕವುಚಿಟ್ಟು, ಚೆನ್ನುವಿನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋಗಿಬಿಟ್ಟರು. ಅವತ್ತು ಊರಿನಿಂದ ಫೋನು ಮಾಡಿ ಸಮಾಧಾನ ಹೇಳಿದವರ ಒಂದು ಮಾತೂ ಚೆನ್ನುವಿಗೆ ಈಗ ನೆನಪಿಲ್ಲ. ಆ ಕಹಿ ಚಹಾ ನೆನಪಿದೆ. ಅಂಥ ಮನುಷ್ಯನಿಗೆ ತುಟಿ ಬಿಗಿದುಕೊಂಡು ವಿದಾಯ ಹೇಳಬೇಕೆ?

"ಲಂಡನ್ ಕಂಡವರು ನೀವು," ಎಂದಳು ಕೊನೆಗೆ. ಒಪ್ಪಿದಳೋ ಬೈದಳೋ ಗಿರಿಯಪ್ಪನವರಿಗೆ ತಿಳಿಯಲಿಲ್ಲ.

ಗುರುವಾರ ಬಂತು. ಹೊತ್ತು ಇಳಿದರೂ ಸೆಖೆ ಇಳಿದಿರಲಿಲ್ಲ. ಕಂಪನಿಯ ವ್ಯಾನಿನಲ್ಲಿ ಉಣ್ಣೆ ಕೋಟುಗಳ ನಡುವೆ ಗಾಳಿಗೂ ಜಾಗವಿರಲಿಲ್ಲ. ವಿಲ್ಲಾದ ಹೊರಗೆ ಇಳಿದು ಗಿರಿಯಪ್ಪನವರು ಪಡೆಯನ್ನು ಜೋಡಿಸಿದರು. ಮುಂದೆ ತಾವು, ಹಿಂದೆ ಇಬ್ಬಿಬ್ಬರು. "ತುಟಿ!" ಎಂದು ಆಜ್ಞಾಪಿಸಿದರು. ತುಟಿಗಳೆಲ್ಲ ಬಿಗಿದವು. "ಯಲ್ಲಾ, ಹೊರಡಿ."

ಗೇಟು ತೆರೆಯಿತು. ಮೆರವಣಿಗೆ ನಿಧಾನವಾಗಿ, ಬಹಳ ನಿಧಾನವಾಗಿ, ತೋಟದೊಳಗೆ ಸಾಗಿತು.

ತೋಟದ ತುಂಬ ಬಲೂನುಗಳು. ಒಂದು ಟೇಪಿನಿಂದ ತುತ್ತೂರಿ ಬ್ಯಾಂಡಿನ ಗಟ್ಟಿ ಸಂಗೀತ. ಹಗಿನ್ಸ್ ಸಾಹೇಬರು ಗಿಳಿಗಳ ಚಿತ್ರದ ಅಂಗಿ ತೊಟ್ಟಿದ್ದರು. ಡ್ರಾಯಿಂಗ್ ವಿಭಾಗದ ಮುಖ್ಯಸ್ಥರು ಚಡ್ಡಿಯಲ್ಲಿದ್ದರು, ಮೇಲೆ ಫುಟ್‌ಬಾಲ್ ಬನಿಯನ್ನು. ಹಳದಿ, ಕೆಂಪು, ನೇರಳೆ, ಎಲ್ಲೆಲ್ಲೂ ಬಣ್ಣವೇ ಬಣ್ಣ. ನಡುವೆ ಕಿತ್ತಳೆ ಬಣ್ಣದ ಫ್ರಾಕಿನಲ್ಲಿ, ಪ್ಲಾಸ್ಟಿಕ್ ಚೆರಿಹಣ್ಣಿನ ಗೊಂಚಲು ಸಿಕ್ಕಿಸಿದ ಹುಲ್ಲಿನ ಟೋಪಿ ಹಾಕಿಕೊಂಡು ನಿಂತವರು ಸಾಕ್ಷಾತ್ ಮಿಸೆಸ್ ಕ್ರಾಬ್‌ಟ್ರೀ.

ಕಪ್ಪು ಮೆರವಣಿಗೆಯನ್ನು ಕಂಡು ನಗು, ಮಾತು ಎಲ್ಲ ಒಮ್ಮೆಲೇ ನಿಂತವು. ಯಾರೋ ಟೇಪು ಆರಿಸಿದರು. "ಶವಪೆಟ್ಟಿಗೆ ಹೊರುವವರನ್ನು ಯಾರು ಕರೆಸಿದ್ದು?" ಎಂದು ಮಹಿಳೆಯೊಬ್ಬರು ಪಿಸುಗುಟ್ಟಿದರು. "ಪಾಪ, ಸ್ವಲ್ಪ ತಡವಾಗಿ ಬಂದರಲ್ಲ."

ಮನೆ ತಪ್ಪಿತೆಂದು ಗಿರಿಯಪ್ಪನವರಿಗೆ ಮೊದಲು ಅನಿಸಿತು. ಹಗಿನ್ಸ್ ಸಾಹೇಬರ ಮುಖ ಗಿಳಿಗಳ ಮೇಲೆ ಕಂಡಾಗ ಆ ಆಸೆಯೂ ಹೋಯಿತು. ಹಿಂದಿರುಗೋಣವೆಂದರೆ ಹಿಂದಿನಿಂದ ಸಾಲು ತಳ್ಳುತ್ತಿದೆ. ಬೇರೇನೂ ತೋಚದೆ ಅವರು ನೇರವಾಗಿ ಮಿಸೆಸ್ ಕ್ರಾಬ್‌ಟ್ರೀಯವರ ಎದುರು ನಿಂತು, ತಲೆ ಬಾಗಿಸಿ, ಮೇಲ್ತುಟಿ ಅಲ್ಲಾಡಿಸದೆ ಅಂದರು:

"ಹಾರಿ ಹಾರ್ ಯುಅರ್ ಲಾ."

"ಏನಂದಿರಿ?" ಎಂದರು ಮಿಸೆಸ್ ಕ್ರಾಬ್‌ಟ್ರೀ. "ಹಲ್ಲುನೋವೆ, ಪಾಪ?"

ಗಿರಿಯಪ್ಪನವರು ಪಕ್ಕಕ್ಕೆ ಸರಿದರು. ಮಾರಿಸ್ ಮುಂದೆ ಬಂದರು. "ಹಾರಿ ಹಾರ್ ಯುಅರ್ ಲಾ." ಬಾಗಿದ ಭರಕ್ಕೆ ಮದುವೆ ಸೂಟಿನ, ಹೇಗೋ ಎಳೆದು ಹಾಕಿದ್ದ ಗುಂಡಿ ಕಿತ್ತು ಹುಲ್ಲಿಗೆ ಹಾರಿತು. ಸರ್ವೇಯವನೊಬ್ಬ ಬಂದ. "ಹಾರಿ ಹಾರ್..."

"ಎಲ್ಲರಿಗೂ ಹಲ್ಲುನೋವೆ?" ಎಂದರು ಆಕೆ ಗಾಬರಿಯಿಂದ.

ಕೊನೆಯಲ್ಲಿ ಬಂದ ಮೊಯ್ದಿನ್ ಕುಂಞಿಯದ್ದು ಮಾತ್ರ ಸ್ಪಷ್ಟ ಉಚ್ಚಾರ. ಆದರೆ ಇಂಗ್ಲಿಷ್ ಮರೆತುಹೋಗಿತ್ತು. "ಥ್ಯಾಂಕ್ ಯೂ ಮೇಡಂ," ಎಂದ. "ಸೇಮ್ ಟು ಯೂ."

ಮಿಸೆಸ್ ಕ್ರಾಬ್‌ಟ್ರೀ ಅವನ ಚಿಟ್ಟೆ ಟೈಯನ್ನು ನೋಡಿದರು. ಸಾಲನ್ನು ನೋಡಿದರು, ಬೆವರಿನಲ್ಲಿ ತೊಯ್ದ ಉಣ್ಣೆ ಕೋಟುಗಳನ್ನೂ ಬಿಗಿದ ತುಟಿಗಳನ್ನೂ ನೋಡಿದರು. ಆಕೆಯ ಟೋಪಿಯ ಚೆರಿಹಣ್ಣುಗಳು ನಡುಗತೊಡಗಿದವು. ಅತ್ತೇಬಿಟ್ಟರೆಂದು ಗಿರಿಯಪ್ಪನವರು ಕಣ್ಣು ಮುಚ್ಚಿದರು. ಕೇಳಿಬಂದದ್ದು ನಗು. ಸಣ್ಣಗೆ ಶುರುವಾಗಿ, ಕುರ್ಚಿ ಹಿಡಿದುಕೊಳ್ಳಬೇಕಾಗುವಷ್ಟು ದೊಡ್ಡ ನಗು.

"ಕಪ್ಪು ಬಟ್ಟೆ ತೊಟ್ಟು ಯಾರಾದರೂ ಬಂದರೆ ನಾನು ಎದ್ದು ಹೊರಟುಹೋಗುತ್ತೇನೆ ಎಂದಿದ್ದ ನಾರ್ಮನ್. ಈಗ ಹೋಗಲಿ ನೋಡೋಣ!" ಎಂದರು ಕಣ್ಣೊರೆಸಿಕೊಳ್ಳುತ್ತ. ಊರಿನಲ್ಲಿ ಕ್ರಿಯೆ ಮುಗಿದಂದಿನಿಂದ ಡೊರೀನ್ ನಕ್ಕದ್ದು ಇದೇ ಮೊದಲು ಎಂದು ಹಗಿನ್ಸ್ ಆಮೇಲೆ ಹೇಳಿದರು.

ಬ್ರಿಟಿಷರ ನಿಜವಾದ ದೊಡ್ಡತನ ಗಿರಿಯಪ್ಪನವರಿಗೆ ಕಂಡದ್ದು ಅದರ ಮುಂದಿನ ಕೆಲವು ನಿಮಿಷಗಳಲ್ಲಿ. ನಮ್ಮವರಾಗಿದ್ದರೆ ಇಂಥ ಪೆದ್ದುತನ ಮೂರು ತಲೆಮಾರಿಗೆ ಸಾಲುವಷ್ಟು ಮಾತಾಗುತ್ತಿತ್ತು. ಆ ಜನ ಒಬ್ಬೊಬ್ಬರಾಗಿ ಬಂದು ಕ್ಷಮೆ ಕೇಳತೊಡಗಿದರು. "ತಪ್ಪು ನನ್ನದು, ಮೂರನೆಯ ಸಲವೂ ಹೇಳಬೇಕಿತ್ತು," ಎಂದರು ಹಗಿನ್ಸ್. "ನಿಜವಾಗಿ ನೋಡಿದರೆ ನೀವೇ ಸರಿ, ನಾವೇ ನಾಚಿಕೆಯಿಲ್ಲದೆ ಹೀಗೆ ಬಂದಿದ್ದೇವೆ," ಎಂದರು ಚಡ್ಡಿಯ ಮುಖ್ಯಸ್ಥರು, ಚಡ್ಡಿಯನ್ನು ಕೆಳಗೆ ಎಳೆದುಕೊಳ್ಳುತ್ತ. ಶವಪೆಟ್ಟಿಗೆಯ ಮಾತಾಡಿದ್ದ ಮಹಿಳೆಯಂತೂ ತನ್ನ ಕಪ್ಪು ಕೈಚೀಲವನ್ನು ಎದುರಿಗೆ ಹಿಡಿದುಕೊಂಡು, ತಾನೂ ಅರ್ಧ ಇವರ ಪಕ್ಷವೆಂಬಂತೆ ನಿಂತರು.

ಅಷ್ಟರಲ್ಲಿ ಚೆನ್ನು ಒಂದು ಕೆಲಸ ಮಾಡಿದಳು. ಅತ್ತಿತ್ತ ನೋಡಿ, ಸಂಗತಿ ಏನೆಂದು ತಾನೇ ಅಂದಾಜು ಮಾಡಿಕೊಂಡು, ಆಯಿಷಮ್ಮನ ಅಬಾಯಾ ಬಿಚ್ಚಿ ಮಡಚಿ ಕಂಕುಳಿಗೆ ಸೇರಿಸಿದಳು. ಒಳಗೆ ಗಿಳಿಹಸಿರಿನ ಮೇಲೆ ಕೆಂಪಂಚಿನ ರೇಷ್ಮೆ ಸೀರೆ. ಇಡೀ ತೋಟದಲ್ಲಿ ಅಷ್ಟು ಬಣ್ಣ ಇನ್ನಾರಲ್ಲೂ ಇರಲಿಲ್ಲ. "ಓಹ್!" ಎಂದು ಬ್ರಿಟಿಷ್ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದರು. ಚೆನ್ನು ಗಂಡನ ಕಡೆ ಒಮ್ಮೆ ನೋಡಿದಳು. ಆ ನೋಟದ ಅರ್ಥ ಗಿರಿಯಪ್ಪನವರಿಗೆ ಚೆನ್ನಾಗಿ ತಿಳಿಯಿತು.

ಟೇಪು ಮತ್ತೆ ಹಾಡಿತು. ಮೊಯ್ದಿನ್ ಕುಂಞಿಯ ಕೋಟು ಕಂಡು ಒಬ್ಬರು ನೀರು ಕೇಳಿದರು, ಇನ್ನೊಬ್ಬರು ಚಹಾ ಕೇಳಿದರು. ಅವನು ಬೇಸರಿಸದೆ ತಟ್ಟೆ ಹಿಡಿದು ಸೌತೆಕಾಯಿ ಸ್ಯಾಂಡ್‌ವಿಚ್ ಹಂಚುತ್ತ ತಿರುಗಿದ. "ಸಾಹೇಬರ ಮನೆಯ ಕೊನೆಯ ಕೆಲಸ, ಮಾಡಿದ್ರೆ ಎಂತಾಯ್ತು?" ಎಂದ.

ಕತ್ತಲಾಗುವ ಮೊದಲು ಹಗಿನ್ಸ್ ಎಲ್ಲರನ್ನೂ ಕೂರಿಸಿದರು. ಸಾಹೇಬರ ಇಚ್ಛೆಯಂತೆ ಪ್ರತಿಯೊಬ್ಬರೂ ಅವರ ಬಗ್ಗೆ ಒಂದೊಂದು ನಗೆಯ ಕಥೆ ಹೇಳಬೇಕಿತ್ತು. ಹಗಿನ್ಸರೇ ಶುರು ಮಾಡಿದರು. ಕ್ರಾಬ್‌ಟ್ರೀ ಮಹಾ ಜಿಪುಣ. ಒಂದು ಟೀ ಬ್ಯಾಗನ್ನು ನಾಲ್ಕು ಸಲ ಬಳಸುತ್ತಿದ್ದರು. ಸೈಟಿನ ಕ್ಯಾಬಿನ್ನಿನಲ್ಲಿ ದಾರ ಕಟ್ಟಿ, ಒದ್ದೆ ಬ್ಯಾಗುಗಳನ್ನು ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಮಣ್ಣಿನ ಮಾದರಿಯೆಂದು ತಿಳಿದು ಗಂಭೀರವಾಗಿ ಕೇಳಿದರಂತೆ, "ಇದು ಯಾವ ಗುಂಡಿಯದ್ದು?" ಕ್ರಾಬ್‌ಟ್ರೀ ಅಷ್ಟೇ ಗಂಭೀರವಾಗಿ, "ಸಿಲೋನ್. ಮೇಲ್ಪದರ," ಎಂದರಂತೆ. ಅಧಿಕಾರಿ ತಲೆದೂಗಿ, "ತೇವ ಹೆಚ್ಚಾಯಿತು," ಎಂದು ಹೋದರಂತೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೊರೀನ್ ಕೂಡ ನಕ್ಕರು. ಗಿರಿಯಪ್ಪನವರು ಬೆರಗಾದರು. ಸತ್ತ ಮನುಷ್ಯನನ್ನು ಜಿಪುಣ ಎಂದು ಅವನ ಹೆಂಡತಿಯ ಎದುರೇ ಹೇಳುವುದೆ? ನಮ್ಮಲ್ಲಿ ಸತ್ತ ಮರುಕ್ಷಣ ಜಿಪುಣನೂ ಕರ್ಣನಾಗುತ್ತಾನೆ, ಜಗಳಗಂಟನೂ ಧರ್ಮರಾಯನಾಗುತ್ತಾನೆ. ಮೂರನೆಯ ದಿನಕ್ಕೆ ಸತ್ತವನು ಯಾರೆಂಬ ಗುರುತೇ ಸಿಗುವುದಿಲ್ಲ. ಇಲ್ಲಿ ಒಂದೊಂದು ಕಥೆ ಮುಗಿದಂತೆ ಕ್ರಾಬ್‌ಟ್ರೀ ಸಾಹೇಬರು ತಮ್ಮ ಜಿಪುಣತನ, ಮುಂಗೋಪ, ಗೊರಕೆ ಎಲ್ಲ ಸಮೇತ ತೋಟಕ್ಕೆ ಬಂದು ಕೂರುತ್ತಿದ್ದಂತೆ ಅವರಿಗೆ ಅನಿಸಿತು.

"ಗಿರಿ, ಈಗ ನೀವು," ಎಂದರು ಹಗಿನ್ಸ್.

ಗಿರಿಯಪ್ಪನವರು ಎದ್ದರು. ಕೋಟಿನೊಳಗೆ ಬೆವರಿನ ತೋಡು ಹರಿಯುತ್ತಿತ್ತು. ತುಟಿ ಬಿಗಿಹಿಡಿಯುವ ಶಕ್ತಿ ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಸರ್, ಮೇಡಂ, ನಾವು ಅವರನ್ನು ಹಿಂದಿನಿಂದ ಕ್ರಾಬ್‌ಟ್ರೀ ಅಂತ ಕರೀತಿರಲಿಲ್ಲ. ಡೆಂಜಿ ಅಂತ ಕರೀತಿದ್ವಿ. ತುಳುವಿನಲ್ಲಿ ಡೆಂಜಿ ಅಂದ್ರೆ ಕ್ರಾಬ್, ಏಡಿ."

ಮಾರಿಸ್ ಕಣ್ಣಿನಲ್ಲೇ "ಕೂತ್ಕೊಳ್ಳಿ ಮಾರಾಯ್ರೆ" ಎಂದು ಬೇಡಿಕೊಂಡರು. ಗಿರಿಯಪ್ಪನವರು ಕೂರಲಿಲ್ಲ.

ಹೆಸರಿಗೆ ತಕ್ಕಂತೆ ಸಾಹೇಬರು ಚರಂಡಿಯ ಅಂಚಿನಲ್ಲಿ ನಡೆಯುವುದೂ ಏಡಿಯಂತೆ ಅಡ್ಡಡ್ಡವಾಗಿ. ಅವರ ಪಿಕ್‌ಅಪ್ ದೂರದಲ್ಲಿ ಕಂಡ ಕೂಡಲೇ ವಾಕಿಟಾಕಿಯಲ್ಲಿ ಯಾರಾದರೊಬ್ಬರು "ಡೆಂಜಿ ಬತ್ತ್ಂಡ್!" ಎನ್ನುತ್ತಿದ್ದರು, ಏಡಿ ಬಂತು! ತಕ್ಷಣ ಬೀಡಿಗಳು ಆರಿ, ಹೆಲ್ಮೆಟ್ಟುಗಳು ತಲೆಗೇರುತ್ತಿದ್ದವು. ಒಂದು ದಿನ ಸಾಹೇಬರ ಕೈಯಲ್ಲೂ ವಾಕಿಟಾಕಿ ಇತ್ತು. ಹಾಗೆಂದರೆ ಏನು ಎಂದು ಅವರು ಗಿರಿಯಪ್ಪನವರನ್ನು ಕೇಳಿದರು. ಗಿರಿಯಪ್ಪನವರು ಬೆದರಿ, "ಸೇಫ್ಟಿ ಫಸ್ಟ್ ಅಂತ ಅರ್ಥ ಸರ್," ಎಂದುಬಿಟ್ಟರು. ಸಾಹೇಬರಿಗೆ ಬಹಳ ಸಂತೋಷವಾಯಿತು. ಮರುದಿನದಿಂದ ಪ್ರತಿ ಬೆಳಿಗ್ಗೆ ಸುರಕ್ಷತಾ ಸಭೆಯಲ್ಲಿ ಅವರು ಎದೆಯುಬ್ಬಿಸಿ "ಡೆಂಜಿ ಬತ್ತ್ಂಡ್!" ಎಂದು ಗುಡುಗುವುದು, ಕೆಲಸಗಾರರೆಲ್ಲ ಹಲ್ಲು ಕಚ್ಚಿ ನಗು ತಡೆದುಕೊಂಡು "ಡೆಂಜಿ ಬತ್ತ್ಂಡ್!" ಎಂದು ಪ್ರತಿಕೂಗು ಹಾಕುವುದು. ಅರ್ಥ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

"ಅವರಿಗೆ ಗೊತ್ತಾಗದೆಯೇ ಹೋಯ್ತು, ಮೇಡಂ," ಎಂದರು ಗಿರಿಯಪ್ಪನವರು.

ತೋಟ ನಗೆಯಲ್ಲಿ ಮುಳುಗಿತ್ತು. ಮಿಸೆಸ್ ಕ್ರಾಬ್‌ಟ್ರೀ ಮಾತ್ರ ನಗಲಿಲ್ಲ; ಕಣ್ಣರಳಿಸಿ ಕೇಳುತ್ತಿದ್ದರು.

"ನಾರ್ಮನ್‌ಗೆ ಗೊತ್ತಿತ್ತು," ಎಂದರು ಆಕೆ. "ಆ ದಿನ ಸಂಜೆಯೇ ಗೊತ್ತಾಗಿತ್ತು. ಡ್ರೈವರ್ ಹೇಳಿದ್ದನಂತೆ."

ಎಲ್ಲರ ಕಣ್ಣೂ ಮೊಯ್ದಿನ್ ಕುಂಞಿಯತ್ತ ತಿರುಗಿತು. ಅವನು ಸ್ಯಾಂಡ್‌ವಿಚ್ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದ.

"ಮನೆಗೆ ಬರುವಾಗಲೂ ಬಾಗಿಲಲ್ಲಿ ನಿಂತು ಅದನ್ನೇ ಕೂಗುತ್ತಿದ್ದ, ದಿನವೂ. 'ಡೊರೀನ್, ಇಷ್ಟು ವರ್ಷ ನಾನೇ ಏಡಿ ಏಡಿ ಎಂದು ಕೂಗಿಕೊಳ್ಳುತ್ತಿದ್ದೇನೆ, ಒಬ್ಬನೂ ನಗುವುದಿಲ್ಲ. ಎಂಥ ಗಟ್ಟಿ ಜನ! ಮೊದಲು ಯಾರು ನಗುತ್ತಾರೋ ನೋಡಬೇಕು,' ಎನ್ನುತ್ತಿದ್ದ." ಆಕೆ ಸರ್ವೇಯವರ ಕಡೆ ತಿರುಗಿದರು. "ಒಮ್ಮೆ ಹೇಳುತ್ತೀರಾ? ಸೈಟಿನಲ್ಲಿ ಹೇಳುವಂತೆಯೇ?"

ಅವರು ಎದ್ದು ನಿಂತರು. ಗಿರಿಯಪ್ಪ, ಮಾರಿಸ್, ಮೊಯ್ದಿನ್ ಕುಂಞಿ, ಎಲ್ಲರೂ. ಒಟ್ಟಾಗಿ, ಗಂಟಲು ಬಿರಿಯುವಂತೆ ಕೂಗಿದರು: "ಡೆಂಜಿ ಬತ್ತ್ಂಡ್!"

ಸರ್ವೇಯವರ ಕೈ ತನ್ನಿಂತಾನೇ ತಲೆಗೆ ಹೋಯಿತು, ಹೆಲ್ಮೆಟ್ ಉಂಟೋ ಎಂದು. ಎಲ್ಲರ ಕಣ್ಣು ಗೇಟಿನತ್ತ ಹೋಯಿತು. ಇಷ್ಟು ವರ್ಷ ಆ ಕೂಗಿನ ಹಿಂದೆಯೇ ಒಬ್ಬರು ಬರುತ್ತಿದ್ದರು.

ಗೇಟು ಹಾಗೆಯೇ ಇತ್ತು. ಯಾರೂ ಬರಲಿಲ್ಲ.

ಆ ನಿಶ್ಶಬ್ದದಲ್ಲಿ ಚೆನ್ನು ಎದ್ದಳು. ಗಂಡನ ನಿಯಮಗಳನ್ನೆಲ್ಲ ದಾಟಿ, ಹುಲ್ಲಿನ ಮೇಲೆ ಓಡುವಂತೆ ನಡೆದುಹೋಗಿ, ಮಿಸೆಸ್ ಕ್ರಾಬ್‌ಟ್ರೀಯವರನ್ನು ಚೆರಿಹಣ್ಣಿನ ಟೋಪಿ ಸಮೇತ ಎದೆಗವುಚಿಕೊಂಡು, ಊರಿನಲ್ಲಿ ಅಳುವ ಹಾಗೆಯೇ ಗಟ್ಟಿಯಾಗಿ, ಹೆಸರು ಹಿಡಿದು ಅತ್ತಳು. "ಎಂಥ ಮನುಷ್ಯ ಅಮ್ಮ! ನನ್ನ ಅಪ್ಪ ಹೋದ ದಿನ ಚಹಾ ಮಾಡಿಕೊಟ್ಟ ಮನುಷ್ಯ!" ಅದು ಕನ್ನಡ. ಒಂದಕ್ಷರ ತಿಳಿಯದ ಡೊರೀನ್ ಅವಳ ಹೆಗಲಿನಲ್ಲಿ ಮುಖವಿಟ್ಟು, ಅಷ್ಟು ದಿನ ತಡೆದಿಟ್ಟದ್ದನ್ನೆಲ್ಲ ಬಿಟ್ಟರು. ಹಗಿನ್ಸ್ ಸಾಹೇಬರು ಗಿಳಿಗಳ ತೋಳಿನಿಂದ ಕಣ್ಣೊರೆಸಿಕೊಂಡರು. ಚಡ್ಡಿಯ ಮುಖ್ಯಸ್ಥರು ಮೂಗು ಸೀನಿದ ಸದ್ದು ತುತ್ತೂರಿಯಂತೆ ಕೇಳಿಸಿತು. ಗಿರಿಯಪ್ಪನವರ ಮೇಲ್ತುಟಿ ಕೆಳತುಟಿ ಎರಡೂ ಹತೋಟಿ ತಪ್ಪಿದ್ದವು.

ಹೊರಡುವ ಹೊತ್ತಿಗೆ ಮಿಸೆಸ್ ಕ್ರಾಬ್‌ಟ್ರೀ ಗೇಟಿನ ಬಳಿ ನಿಂತು ಒಬ್ಬೊಬ್ಬರ ಕೈ ಕುಲುಕಿ, "ಬಂದದ್ದಕ್ಕೆ ವಂದನೆ, ಮತ್ತೆ ಬನ್ನಿ," ಎನ್ನುತ್ತಿದ್ದರು. ಕರಾವಳಿಯವರ ಕಾಲು ಅಲ್ಲಿ ತಡವರಿಸಿತು. ಸಾವಿನ ಮನೆಯಿಂದ ನಾವು ಹೇಳದೆ ಕೇಳದೆ ಹೊರಡುವವರು. "ಬರ್ತೇನೆ" ಎಂದರೆ ಅಂಥದ್ದೇ ಇನ್ನೊಂದು ಕಾರಣಕ್ಕೆ ಬರುತ್ತೇನೆ ಎಂದಂತೆ. ಮಾರಿಸ್ ಕೆಮ್ಮಿ ದಾಟಿದರು. ಗಿರಿಯಪ್ಪನವರು ಆಕಾಶ ನೋಡುತ್ತ ದಾಟಿದರು. ಚೆನ್ನು ಮಾತ್ರ ನಿಂತಳು. ದೊಡ್ಡ ಮನೆ, ತುಂಬಿಸಿಟ್ಟ ಪೆಟ್ಟಿಗೆಗಳು, ಒಬ್ಬಳೇ ಹೆಂಗಸು. ಆಕೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹೇಳಿದಳು:

"ಬರ್ತೇನೆ ಅಮ್ಮ. ನಾಳೆಯೇ ಬರ್ತೇನೆ."

ವ್ಯಾನಿನಲ್ಲಿ ಕೋಟುಗಳೆಲ್ಲ ಕಳಚಿ ಹಿಂದಿನ ಸೀಟಿಗೆ ಬಿದ್ದವು. ಆಮೇಲೆ ಮಾರಿಸ್ ನಿಟ್ಟುಸಿರು ಬಿಟ್ಟು, "ಎಷ್ಟು ಚಂದ ಮಾರಾಯ್ರೆ ಅವರ ಕ್ರಮ. ನಾನು ಸತ್ತಾಗ ನೀವೂ ಹೀಗೇ ಒಂದೊಂದು ನಗೆಯ ಕಥೆ ಹೇಳ್ಬೇಕು," ಎಂದರು.

"ಹೇಳ್ಲಿಕ್ಕೆ ಕಥೆಗೆ ಬರ ಉಂಟಾ?" ಎಂದರು ಮ್ಯಾಗ್ಡಲಿನ್, ಸೀಟಿನ ತುದಿಗೆ ಸರಿದು. "ಮದುವೆಯ ದಿನ ಇಗರ್ಜಿಯಲ್ಲಿ ಇವರು ನನ್ನ ಬದಲು ನನ್ನ ಅಕ್ಕನ ಕೈ ಹಿಡ್ಕೊಂಡು ಹೊರಟದ್ದು ನಿಮಗೆ ಗೊತ್ತುಂಟಾ?"

"ಅದು ಮುಖಕ್ಕೆ ವೇಲು ಹಾಕಿದ್ದಕ್ಕೆ..."

"ಅಕ್ಕ ವೇಲು ಹಾಕಿರ್ಲೇ ಇಲ್ಲ! ಇನ್ನೊಂದು ಕೇಳಿ, ನಮ್ಮ ಮಾವನ ಹಂದಿ ಓಡಿಹೋದ ದಿನ..."

ವ್ಯಾನು ತುಂಬ ನಗು ಎದ್ದಿತು. ಮೊಯ್ದಿನ್ ಕುಂಞಿ ನಗುವಿನ ಭರಕ್ಕೆ ಸ್ಟೇರಿಂಗಿಗೆ ಗುದ್ದಿದ, ಹಾರ್ನು ಕೂಗಿತು.

"ನಾನು ಇನ್ನೂ ಸತ್ತಿಲ್ಲ!" ಎಂದು ಕಿರುಚಿದರು ಮಾರಿಸ್.

"ಸತ್ತ ಮೇಲೆ ಕೇಳ್ಲಿಕ್ಕೆ ನೀವು ಇರುವುದಿಲ್ಲ ಅಲ್ವಾ," ಎಂದರು ಮ್ಯಾಗ್ಡಲಿನ್, ಅವರ ಬೆವರಿನಲ್ಲಿ ತೊಯ್ದ ಅಂಗಿಯನ್ನು ಸರಿಪಡಿಸುತ್ತ. "ಸುಮ್ಮನೆ ಕೂತು ಈಗಲೇ ಕೇಳಿ."